ಮಷೀನ್ ಹೋದ್ರೆ ಹೋಗ್ಲಿ, ಅದರ ಪೇಪರ್ ರದ್ದಿಗೆ ಹಾಕಬೇಡಿ: ಕಂಡೆಮ್ನೇಷನ್ ಕಮಿಟಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜು, ಯೂನಿವರ್ಸಿಟಿ, ರಿಸರ್ಚ್ ಲ್ಯಾಬ್, ಸರ್ಕಾರಿ ಫ್ಯಾಕ್ಟರಿಗಳ ಸ್ಟೋರ್ಸ್ ಆಫೀಸರ್‌ಗಳಿಗೆ, ಲೈಬ್ರರಿಯನ್‌ಗಳಿಗೆ, ಹಳೇ ಸಾಮಾನು ವಿಲೇವಾರಿಗೆ ಒಪ್ಪಿಗೆ ಕೊಡೋ ಕಂಡೆಮ್ನೇಷನ್ ಕಮಿಟಿಯಲ್ಲಿ ಸೈನ್ ಹಾಕೋ ಎಲ್ಲರಿಗೂ ನಮಸ್ಕಾರ.

ಸರ್, ಮೇಡಂ, ಸುತ್ತಿ ಬಳಸಿ ಹೇಳಲ್ಲ. ನಿಮ್ಮ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ 1970, 80ರ ದಶಕದ ಕಂಪ್ಯೂಟರ್ ಯಾವುದಾದ್ರೂ ಇದ್ದು ಅದನ್ನ ರೈಟ್ ಆಫ್ ಮಾಡೋಕೆ ಹೊರಟಿದ್ರೆ, ಅದರ ಜೊತೆ ಬಂದಿದ್ದ ಮ್ಯಾನುಯಲ್, ಸರ್ಕ್ಯೂಟ್ ಡ್ರಾಯಿಂಗ್, ಲಾಗ್ ಬುಕ್ಕು, ಮೈಕ್ರೋಫಿಶ್ (ಪುಟಗಳನ್ನ ಪುಟಾಣಿಯಾಗಿ ಇಳಿಸಿದ ಫಿಲ್ಮ್ ಹಾಳೆ) ಇವನ್ನ ರದ್ದಿ ತೂಕಕ್ಕೆ ಹಾಕಬೇಡಿ. ಮಷೀನೂ ಉಳಿದ್ರೆ ತುಂಬಾ ಸಂತೋಷ, ಆದ್ರೆ ಎರಡರಲ್ಲಿ ಒಂದನ್ನ ಮಾತ್ರ ಉಳಿಸೋಕಾಗೋದು ಅಂತ ನೀವು ಹೇಳಿದ್ರೆ ನಾನು ಪೇಪರನ್ನೇ ಕೇಳ್ತೀನಿ. ಯಾಕೆ ಅನ್ನೋದು ಸ್ವಲ್ಪ ಉದ್ದದ ಮಾತು, ಪುರುಸೊತ್ತಲ್ಲಿ ಓದಿ.

ನಾವು ಒಂದಷ್ಟು ಜನ ಸೇರ್ಕೊಂಡು ಹಳೇ ಮಿನಿಕಂಪ್ಯೂಟರ್ ರಿಪೇರಿ ಮಾಡ್ತೀವಿ, ಭಾನುವಾರದ ಹುಚ್ಚು ಅಂತಾನೇ ಇಟ್ಕೊಳಿ. ಮಿನಿಕಂಪ್ಯೂಟರ್ ಅಂದ್ರೆ ಈಗಿನ ಹುಡುಗ್ರಿಗೆ ಗೊತ್ತಿರಲ್ಲ, ಆಳೆತ್ತರದ ರ‍್ಯಾಕು, ಒಳಗೆ ಬಟ್ಟೆ ಮಡಿಸಿಟ್ಟಂಗೆ ಸಾಲಾಗಿ ಬೋರ್ಡು, ಕೆಳಗೆ ಇಬ್ಬರು ಹಿಡಿದ್ರೂ ಎತ್ತೋಕಾಗದ ಪವರ್ ಸಪ್ಲೈ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೇನಾರ್ಡ್ ಅನ್ನೋ ಊರಲ್ಲಿ ಹಳೇ ಉಣ್ಣೆ ಗಿರಣಿ ಬಿಲ್ಡಿಂಗ್‌ನಲ್ಲಿ ಶುರುವಾದ ಡಿಜಿಟಲ್ ಇಕ್ವಿಪ್ಮೆಂಟ್ ಕಾರ್ಪೊರೇಷನ್, ಎಲ್ಲರ ಬಾಯಲ್ಲಿ ಡೆಕ್, ಅವರು 1965ರಲ್ಲಿ ಪಿಡಿಪಿ-8 ಅನ್ನೋ ಮಷೀನನ್ನ 18,000 ಡಾಲರ್‌ಗೆ ಮಾರೋಕೆ ಶುರು ಮಾಡಿದ್ರು. ಆವತ್ತಿನ ರೂಮ್ ತುಂಬೋ ಮೇನ್‌ಫ್ರೇಮ್ ಕಂಪ್ಯೂಟರ್‌ಗಳ ರೇಟ್ ಮುಂದೆ ಅದು ಚಿಲ್ಲರೆ, ಹಾಗಾಗಿ ಒಂದು ಡಿಪಾರ್ಟ್‌ಮೆಂಟು, ಒಂದು ಲ್ಯಾಬು ತನ್ನದೇ ಕಂಪ್ಯೂಟರ್ ಇಟ್ಕೊಳ್ಳೋದು ಮೊದಲ ಸಲ ಸಾಧ್ಯ ಆಯ್ತು. 1970ರಲ್ಲಿ ಪಿಡಿಪಿ-11 ಬಂತು, ಅದು ಪ್ರಪಂಚದ ತುಂಬಾ ಲಕ್ಷಗಟ್ಟಲೆ ಹೋಯ್ತು, ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬೆಳೆದಿದ್ದು ಅದರ ಮೇಲೆ, ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದೂ ಅದರ ಮೇಲೇ. ನಿಮ್ಮ ಜೇಬಲ್ಲಿರೋ ಫೋನಿನ ಒಳಗೆ ಕೂಡ ಅದರ ವಂಶದ ರಕ್ತ ಓಡ್ತಿದೆ, ಸುಮ್ನೆ ಹೇಳ್ತಿಲ್ಲ.

ಈ ಪತ್ರ ಬರೆಯೋಕೆ ಕಾರಣ ಆಗಿದ್ದು ಒಂದು ಸಂಸ್ಥೆಯ ಹರಾಜು, ಹೆಸರು ಬೇಡ, ಅಲ್ಲಿರೋರು ಒಳ್ಳೇ ಜನಾನೇ. ಅಲ್ಲಿ ಪಿಡಿಪಿ-11ರದ್ದೇ ಒಂದು ಮಾಡೆಲ್ಲು, ಪಿಡಿಪಿ-11/34 ಇದೆ ಅಂತ ಸುದ್ದಿ ಸಿಕ್ಕಿ ಹೋದ್ವಿ. ಮಷೀನ್ ಇತ್ತು. ಡಿಸ್ಕ್ ಡ್ರೈವ್ ಇತ್ತು. ಅದರ ಪಕ್ಕದ ಕಬ್ಬಿಣದ ಕಪಾಟು ಮಾತ್ರ ಖಾಲಿ ಹೊಡೀತಿತ್ತು. ವಿಚಾರಿಸಿದ್ರೆ ಅಲ್ಲಿನ ಅಟೆಂಡರ್ ಅಣ್ಣ ಹೇಳಿದ್ದು, ಅದರ ತುಂಬಾ ದಪ್ಪ ದಪ್ಪ ಪುಸ್ತಕ ಇದ್ವು ಸರ್, ನ್ಯಾಕ್ ಇನ್‌ಸ್ಪೆಕ್ಷನ್‌ಗೆ ರೂಮ್ ಕ್ಲೀನ್ ಮಾಡಿ ಅಂದ್ರು, ಗುಜರಿಯೋನು ಬಂದು ತಗೊಂಡು ಹೋದ. ಕೇಳಿ ಹೊಟ್ಟೆ ಉರೀತು. ಆಮೇಲೆ ಯೋಚನೆ ಮಾಡಿದಾಗ ತಪ್ಪು ಅವರದ್ದೂ ಅಲ್ಲ ಅನ್ನಿಸ್ತು, ಯಾಕಂದ್ರೆ ಆ ಪೇಪರ್‌ಗಳಿಗೆ ನಮ್ಮ ಸಿಸ್ಟಮ್‌ನಲ್ಲಿ ಅಪ್ಪ ಅಮ್ಮ ಇಲ್ಲ. ಮಷೀನ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಲೈನ್ ಆಗಿ ಎಂಟ್ರಿ ಆಗಿರುತ್ತೆ, ಅದರ ಜೊತೆ ಪೆಟ್ಟಿಗೇಲಿ ಬಂದ ಮ್ಯಾನುಯಲ್‌ಗೆ ಬೇರೆ ಎಂಟ್ರಿ ಇರಲ್ಲ. ಲೈಬ್ರರಿ ಅದನ್ನ ದುಡ್ಡು ಕೊಟ್ಟು ತಗೊಂಡಿಲ್ಲ, ಅಕ್ಸೆಷನ್ ನಂಬರ್ ಇಲ್ಲ, ಹಾಗಾಗಿ ಅವರ ಪುಸ್ತಕ ಅಲ್ಲ. ಸ್ಟೋರ್ಸ್‌ನೋರಿಗೆ ಅದು ಐಟಮ್ಮೇ ಅಲ್ಲ. ಮಷೀನ್ ಎಸಿಬೇಕು ಅಂದ್ರೆ ಕಮಿಟಿ, ಮೀಟಿಂಗು, ಮಿನಿಟ್ಸು, ಟೆಂಡರ್ರು ಎಲ್ಲ ಬೇಕು, ಮ್ಯಾನುಯಲ್ ಎಸಿಯೋಕೆ ಒಬ್ಬರು ಹೂಂ ಅಂದ್ರೆ ಸಾಕು. ಅದಕ್ಕೇ ಯಾವಾಗ್ಲೂ ಪೇಪರ್ ಮೊದಲು ಸಾಯುತ್ತೆ, ಕಬ್ಬಿಣ ಆಮೇಲೆ.

ಪೇಪರ್ ಇಲ್ದೇ ಏನಾಗುತ್ತೆ ಅಂತ ಈಗ ಹೇಳ್ತೀನಿ, ಟೆಕ್ನಿಕಲ್ ಆಗುತ್ತೆ, ಕ್ಷಮಿಸಿ, ಆದ್ರೆ ಇದು ಅರ್ಥ ಆಗ್ಲಿಲ್ಲ ಅಂದ್ರೆ ನನ್ನ ಮಾತು ಬರೀ ಗೋಳು ಅನ್ಸುತ್ತೆ.

ಆ ಮಷೀನ್ ಹೇಗೋ ನಮ್ಮ ಕೈಗೆ ಬಂತು. ಮೊದಲ ಕೆಲಸ ಪವರ್ ಸಪ್ಲೈ, ಅದಕ್ಕೆ ಯಾವ ಕೈಪಿಡಿನೂ ಬೇಕಾಗಿಲ್ಲ, ಅನುಭವ ಸಾಕು. ದಶಕಗಟ್ಟಲೆ ಕರೆಂಟ್ ನೋಡದ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗಿನ ಆಕ್ಸೈಡ್ ಪದರ ಸವೆದಿರುತ್ತೆ, ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ರೆ ಬಿಸಿಯಾಗಿ ಸಿಡೀಬಹುದು, ಅದಕ್ಕೆ ಬಿಚ್ಚಿ, ರೆಸಿಸ್ಟರ್ ಮೂಲಕ ನಿಧಾನಕ್ಕೆ ವೋಲ್ಟೇಜ್ ಏರಿಸ್ತಾ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ರೆಗ್ಯುಲೇಟರ್‌ಗಳಿಗೆ ಬೋರ್ಡ್ ಹಾಕದೇ ಡಮ್ಮಿ ಲೋಡ್ ಕಟ್ಟಿ 5 ವೋಲ್ಟ್ ಸರಿಯಾಗಿ 5ಕ್ಕೇ ನಿಂತಿದೆಯಾ ನೋಡೋದು, ಯಾಕಂದ್ರೆ ಅದು 7ಕ್ಕೆ ಹೋಯ್ತು ಅಂದ್ರೆ ನೂರಾರು ಚಿಪ್ಪು ಒಟ್ಟಿಗೆ ಗೋವಿಂದ. ರ‍್ಯಾಕಿನ ಬಾಗಿಲಲ್ಲಿ, ಫಿಲ್ಟರ್‌ನಲ್ಲಿ ಹಾಕಿದ್ದ ಸ್ಪಂಜು ಈಗ ಕಪ್ಪು ಅಂಟು ಆಗಿರುತ್ತೆ, ಮುಟ್ಟಿದ್ರೆ ಉದುರುತ್ತೆ, ಆ ಪುಡಿ ಡಿಸ್ಕ್ ಡ್ರೈವ್‌ನ ಗಾಳಿಗೆ ಸೇರಿದ್ರೆ ಡೇಟಾ ಓದೋ ಹೆಡ್ ಹೋಗಿ ಪ್ಲೇಟಿಗೆ ಕುಟ್ಟುತ್ತೆ, ಡ್ರೈವೂ ಹೋಯ್ತು, ಅದರಲ್ಲಿದ್ದ ಡೇಟಾನೂ ಹೋಯ್ತು. ಆರ್‌ಕೆ05 ಅನ್ನೋ ಡ್ರೈವ್‌ನಲ್ಲಿ ಕರೆಂಟ್ ಹೋದಾಗ ಹೆಡ್ಡನ್ನ ಹಿಂದಕ್ಕೆ ಎಳೆಯೋಕೆ ಅಂತಾನೇ ಒಂದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತೆ, ಅದು ಸೋರಿ ಸುತ್ತಮುತ್ತ ತಿಂದಿರುತ್ತೆ. ಇವೆಲ್ಲ ಕೊಳೆ ಕೆಲಸ, ಬೆವರು ಸುರಿಸಿದ್ರೆ ಮುಗಿಯುತ್ತೆ.

ಆಮೇಲೆ ಬೋರ್ಡ್ ಹಾಕಿ ಆನ್ ಮಾಡಿದ್ವಿ. ಫ್ಯಾನ್ ತಿರುಗ್ತು, ಲೈಟ್ ಹತ್ಕೊಳ್ತು, ಟರ್ಮಿನಲ್‌ನಲ್ಲಿ ಏನೂ ಇಲ್ಲ. ಸರಿಯಾಗಿದ್ರೆ ಈ ಮಷೀನಿನ ಬೂಟ್ ಬೋರ್ಡು ಒಂದು ಸಾಲಲ್ಲಿ ನಾಲ್ಕು ಆಕ್ಟಲ್ (0ರಿಂದ 7ರವರೆಗಿನ ಅಂಕಿ ಮಾತ್ರ ಬಳಸೋ) ಸಂಖ್ಯೆ ಬರೆದು ಪಕ್ಕಕ್ಕೆ ಒಂದು @ ಗುರುತು ಹಾಕಿ ನಿಮ್ಮ ಮಾತಿಗೆ ಕಾಯುತ್ತೆ. ನಮ್ಮದು ಉಸಿರೇ ಎತ್ತಲಿಲ್ಲ. ಸಿಪಿಯು ಸತ್ತಿದೆ ಅಂತ ಎಲ್ಲರಿಗೂ ಅನುಮಾನ, ಚಿಪ್ಪಿನ ಸಿಗ್ನಲ್ ನೋಡೋ ಲಾಜಿಕ್ ಪ್ರೋಬ್ ಹಿಡ್ಕೊಂಡು ವಾರಗಟ್ಟಲೆ ಸಿಪಿಯು ಬೋರ್ಡ್ ಮೇಲೇ ಬಿದ್ದಿದ್ವಿ, ಒಂದೂ ಚಿಪ್ಪು ಕೆಟ್ಟಿಲ್ಲ.

ಕೊನೆಗೆ ಗೊತ್ತಾದ ವಿಷಯ ಇಷ್ಟು. ಬೋರ್ಡುಗಳೆಲ್ಲ ಒಂದಕ್ಕೊಂದು ಮಾತಾಡೋಕೆ ಹಂಚ್ಕೊಳ್ಳೋ ವೈರ್ ದಾರಿಗೆ ಬಸ್ ಅಂತಾರೆ, ಪಿಡಿಪಿ-11ರ ಯುನಿಬಸ್ ಅನ್ನೋ ವ್ಯವಸ್ಥೇಲಿ ಯಾವುದೇ ಬೋರ್ಡಿಗೆ ಬಸ್ ಬೇಕು ಅಂದ್ರೆ ಅದು ಸಿಪಿಯು ಹತ್ರ ಪರ್ಮಿಷನ್ ಕೇಳುತ್ತೆ, ಸಿಪಿಯು ಕೊಡೋ ಪರ್ಮಿಷನ್ ಸಿಗ್ನಲ್ಲಿಗೆ ಗ್ರ್ಯಾಂಟ್ ಅಂತಾರೆ, ಅದು ಸ್ಲಾಟಿನಿಂದ ಸ್ಲಾಟಿಗೆ ದಾಟ್ಕೊಂಡು ಹೋಗ್ಬೇಕು. ಖಾಲಿ ಸ್ಲಾಟ್ ಇದ್ರೆ ಅಲ್ಲಿ ದಾಟೋಕೆ ಜಿ727 ಅಂತ ಬೆಂಕಿಪೊಟ್ಟಣ ಸೈಜಿನ ಒಂದು ಕಾರ್ಡ್ ಹಾಕಬೇಕು. ಅಷ್ಟೇ ಆಗಿದ್ರೆ ಸುಲಭ ಇತ್ತು, ಡಿಸ್ಕ್ ಕಂಟ್ರೋಲರ್ ಥರ ನೇರವಾಗಿ ಮೆಮೊರಿಗೆ ಕೈ ಹಾಕೋ ಬೋರ್ಡ್‌ಗಳಿಗೆ ಬೇರೆ ಒಂದು ಗ್ರ್ಯಾಂಟ್ ಇದೆ, ಅದಕ್ಕೆ ಬ್ಯಾಕ್‌ಪ್ಲೇನ್ ಅಂದ್ರೆ ಬೋರ್ಡುಗಳನ್ನ ಸಿಕ್ಕಿಸೋ ಹಲಗೆ, ಅದರ ಹಿಂದೆ, ಪಿನ್ನುಗಳ ಕಾಡಲ್ಲಿ, ಸಿಎ1 ಪಿನ್ನಿಂದ ಸಿಬಿ1 ಪಿನ್ನಿಗೆ ಒಂದು ಕೂದಲೆಳೆ ವೈರ್ ಸುತ್ತಿರುತ್ತಾರೆ. ಆ ಸ್ಲಾಟಿಗೆ ಅಂಥಾ ಬೋರ್ಡ್ ಹಾಕುವಾಗ ವೈರ್ ತೆಗೀಬೇಕು, ಬೋರ್ಡ್ ತೆಗೆದಾಗ ವೈರ್ ವಾಪಸ್ ಹಾಕಬೇಕು. ನಮ್ಮ ಮಷೀನಿಂದ ಯಾರೋ ಯಾವುದೋ ಕಾಲದಲ್ಲಿ ಡಿಸ್ಕ್ ಕಂಟ್ರೋಲರ್ ಕಿತ್ಕೊಂಡು ಹೋಗಿದ್ರು, ವೈರ್ ವಾಪಸ್ ಹಾಕಿರಲಿಲ್ಲ. ಸರಪಳಿ ಅಲ್ಲೇ ತುಂಡು. ತುಂಡಾದ ಗ್ರ್ಯಾಂಟ್ ಲೈನು ಆ ಕಡೆಯಿಂದ ನೋಡಿದ್ರೆ ಪರ್ಮಿಷನ್ ಸಿಕ್ಕಂಗೇ ಕಾಣುತ್ತೆ, ಬಸ್ಸಿನ ಕೊನೇಲಿ ಕೂತಿರೋ ಎಂ9302 ಅನ್ನೋ ಟರ್ಮಿನೇಟರ್ ಅದನ್ನ ನೋಡಿ ನನಗೆ ಗ್ರ್ಯಾಂಟ್ ಬಂತು ಅಂತ ಉತ್ತರ ಕೊಡ್ತಾನೇ ಇರುತ್ತೆ, ಸಿಪಿಯು ಯಾರೋ ಬಸ್ ತಗೊಂಡಿದಾರೆ ಅಂತ ಸುಮ್ನೆ ಕಾಯುತ್ತೆ. ಎಲ್ಲ ಬೋರ್ಡೂ ಚೆನ್ನಾಗಿದೆ, ಮಷೀನ್ ಮಾತ್ರ ಕಲ್ಲು.

ಇದು ಪ್ರಪಂಚದ ಯಾವ ಜಾಣನಿಗೂ ಬರೀ ನೋಡಿ ತಿಳಿಯೋ ವಿಷಯ ಅಲ್ಲ, ಆದ್ರೆ ಮ್ಯಾನುಯಲ್‌ನಲ್ಲಿ ಪ್ಯಾರಾ ಲೆಕ್ಕದಲ್ಲಿ ಬರೆದಿದ್ರು. ಆ ಸಂಸ್ಥೆಯ ಕಪಾಟಲ್ಲಿ ಆ ಪುಸ್ತಕ ಇದ್ದಿರಲೇಬೇಕು. ನಮಗೆ ಸಿಕ್ಕಿದ್ದು ಅಮೆರಿಕದ ಸ್ಕ್ಯಾನ್, ಯಾರೋ ಪುಣ್ಯಾತ್ಮರು ಪುಟ ಪುಟ ತಿರುವಿ ಹಾಕಿರೋದು. ಒಂದು ಸಣ್ಣ ವೈರ್ ತುಂಡು ಹಾಕಿದ್ವಿ, ಟರ್ಮಿನಲ್‌ನಲ್ಲಿ ನಾಲ್ಕು ಸಂಖ್ಯೆ ಬಂತು.

ಅಯ್ಯೋ ಹಾಗಿದ್ರೆ ಎಲ್ಲ ಇಂಟರ್ನೆಟ್‌ನಲ್ಲೇ ಸಿಗುತ್ತಲ್ಲಪ್ಪ, ನಮ್ಮ ಹಳೇ ಪುಸ್ತಕ ಯಾಕೆ ಬೇಕು ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ಡೆಕ್ ಮಟ್ಟಿಗೆ ತುಂಬಾ ಸಿಗುತ್ತೆ, ಬಿಟ್‌ಸೇವರ್ಸ್ ಅಂತ ಒಂದು ಭಂಡಾರ ಇದೆ, ಆಲ್ ಕೊಸ್ಸೊ ಅನ್ನೋರು ವರ್ಷಗಟ್ಟಲೆ ಕೂತು ಕಟ್ಟಿರೋದು, ಲಕ್ಷಾಂತರ ಪುಟ, ಅದಿಲ್ದೇ ಹೋಗಿದ್ರೆ ನಮ್ಮ ಈ ಹವ್ಯಾಸವೇ ಇರ್ತಿರಲಿಲ್ಲ. ಆದ್ರೆ ಅಲ್ಲಿರೋದು ಅಲ್ಲಿನ ಜನರಿಗೆ ಸಿಕ್ಕಿದ್ದು. ಮತ್ತೆ ಈ ಮಷೀನ್‌ಗಳ ಡ್ರಾಯಿಂಗ್‌ನಲ್ಲಿ ಒಂದು ತಕರಾರಿದೆ, ಒಂದೇ ಹೆಸರಿನ ಮಷೀನ್ ಒಳಗೆ ಬೇರೆ ಬೇರೆ ಇರುತ್ತೆ. 11/34ರ ಸಿಪಿಯು ಎಂ7265, ಎಂ7266 ಅನ್ನೋ ಎರಡು ಬೋರ್ಡು, 11/34ಎ ಅಂದ್ರೆ ಎಂ8265, ಎಂ8266, ಹೊರಗಿಂದ ನೋಡಿದ್ರೆ ಅಣ್ಣ ತಮ್ಮ, ಒಳಗೆ ಸಿಪಿಯು ಕೆಲಸ ನಡೆಸೋ ಮೈಕ್ರೋಕೋಡೇ ಬೇರೆ, ಎರಡನೆಯದಕ್ಕೆ ಫ್ಲೋಟಿಂಗ್ ಪಾಯಿಂಟ್ ಬೋರ್ಡ್, ಕ್ಯಾಶ್ ಬೋರ್ಡ್ ಸೇರಿಸಬಹುದು, ಮೊದಲನೆಯದಕ್ಕೆ ಆಗಲ್ಲ. ಒಂದರ ಡ್ರಾಯಿಂಗ್ ಇಟ್ಕೊಂಡು ಇನ್ನೊಂದನ್ನ ರಿಪೇರಿ ಮಾಡೋಕೆ ಹೋದ್ರೆ ಹುಚ್ಚು ಹಿಡಿಯುತ್ತೆ. ಅದರ ಮೇಲೆ ಕಂಪನಿಯವರು ಮಾರಿದ ಮೇಲೂ ಬೋರ್ಡ್ ತಿದ್ದುತ್ತಾ ಇರ್ತಿದ್ರು, ಅದಕ್ಕೆ ಇಸಿಒ ಅಂತ ಹೆಸರು, ಇಲ್ಲೊಂದು ಟ್ರ್ಯಾಕ್ ಕಟ್ ಮಾಡಿ ಅಲ್ಲೊಂದು ವೈರ್ ಹಾಕಿ ಅಂತ. ಹಾಗಾಗಿ ನಿಮ್ಮ ಮಷೀನ್ ಜೊತೆ ಬಂದ ಪ್ರಿಂಟ್ ಸೆಟ್, ಅಂದ್ರೆ ಸರ್ಕ್ಯೂಟ್ ಡ್ರಾಯಿಂಗ್‌ಗಳ ಕಟ್ಟು, ನಿಮ್ಮ ಮಷೀನಿನ ರಿವಿಷನ್ನಿಗೆ ಹೊಂದೋ ಪ್ರಿಂಟ್ ಸೆಟ್, ಅದರ ಇನ್ನೊಂದು ಕಾಪಿ ಪ್ರಪಂಚದಲ್ಲಿ ಸ್ಕ್ಯಾನ್ ಆಗಿರಬಹುದು, ಆಗದೇನೂ ಇರಬಹುದು.

ಕರೆಂಟಿನ ವಿಷಯಾನೇ ತಗೊಳಿ. ಅಮೆರಿಕದಲ್ಲಿ ಸಿಗೋ ಕಾಗದದಲ್ಲಿ ಬಹುಪಾಲು 115 ವೋಲ್ಟು 60 ಸೈಕಲ್ಲು. ನಮ್ಮದು 230, 50. ಡಿಸ್ಕ್ ಡ್ರೈವಿನ ಮೋಟರ್ ಮೇನ್ಸ್ ಫ್ರೀಕ್ವೆನ್ಸಿ ಮೇಲೆ ಓಡೋದು, ಸ್ಪೀಡ್ ಸರಿ ಬರ್ಲಿ ಅಂತ ನಮ್ಮ ಕಡೆಗೆ ಬೇರೆ ಪುಲ್ಲಿ. ಯಾವ ಪುಲ್ಲಿ, ಟ್ರಾನ್ಸ್‌ಫಾರ್ಮರ್‌ನ ಯಾವ ಟ್ಯಾಪ್ ಅನ್ನೋದನ್ನ ಇನ್‌ಸ್ಟಾಲ್ ಮಾಡಿದ ಇಂಜಿನಿಯರ್ ಮ್ಯಾನುಯಲ್ ಅಂಚಲ್ಲಿ ಪೆನ್ಸಿಲ್‌ನಲ್ಲಿ ಗೀಚಿರ್ತಾರೆ. ಆ ಗೀಚು ಬಿಟ್‌ಸೇವರ್ಸ್‌ನಲ್ಲಿ ಎಲ್ಲಿ ಸಿಗುತ್ತೆ.

ಇನ್ನು ನಮ್ಮ ದೇಶದ್ದೇ ಮಷೀನ್ ವಿಷಯಕ್ಕೆ ಬಂದ್ರೆ ಹೊಟ್ಟೆ ಇನ್ನೂ ಉರಿಯುತ್ತೆ. ಮುಂಬೈನ ಟ್ರಾಂಬೆ ಅಣು ಸಂಶೋಧನಾ ಕೇಂದ್ರದಲ್ಲಿ ಡಿಸೈನ್ ಆಗಿ ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್‌ನಲ್ಲಿ ತಯಾರಾದ ಟಿಡಿಸಿ-12, ಅದು 1969ರ ಸುಮಾರಿನ 12 ಬಿಟ್ ಮಷೀನು, ಆಮೇಲೆ 70ರ ದಶಕದ ಮಧ್ಯದಲ್ಲಿ ಟಿಡಿಸಿ-312, 16 ಬಿಟ್ಟಿನ ಟಿಡಿಸಿ-316. ವಿದೇಶದಿಂದ ಕಂಪ್ಯೂಟರ್ ತರಿಸಬೇಕು ಅಂದ್ರೆ ದೆಹಲಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು, ಡಾಲರ್ ಇಲ್ಲ, ಲೈಸೆನ್ಸ್ ಇಲ್ಲ, ಅಂಥಾದ್ರಲ್ಲಿ ಇವರು ಕೂತು ಕಂಪ್ಯೂಟರ್ ಕಟ್ಟಿದ್ರು. ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋಯ್ತು, ಅವರ ಮಷೀನ್ ಮೇಂಟೇನ್ ಮಾಡೋಕೆ ಸಿಎಂಸಿ ಅನ್ನೋ ಸರ್ಕಾರಿ ಕಂಪನಿ ನಿಂತ್ಕೊಳ್ತು. ಆಮೇಲೆ ಖಾಸಗಿಯವರಿಗೆ ಬಾಗಿಲು ತೆಗೆದಾಗ ಡಿಸಿಎಂ, ಎಚ್‌ಸಿಎಲ್, ನಮ್ಮ ಬೆಂಗಳೂರಲ್ಲೇ ವಿಪ್ರೋ, ಎಲ್ಲರೂ ಮಿನಿಕಂಪ್ಯೂಟರ್ ಮಾಡಿ ಮಾರಿದ್ರು. ಇವತ್ತು ಪಿಡಿಪಿ-8ರ ಒಂದೊಂದು ಟ್ರಾನ್ಸಿಸ್ಟರ್‌ನ ಡ್ರಾಯಿಂಗು ಐದು ನಿಮಿಷದಲ್ಲಿ ಸಿಗುತ್ತೆ, ಟಿಡಿಸಿ-316ರ ಪೂರ್ತಿ ಸರ್ಕ್ಯೂಟ್ ಸೆಟ್ ನಮ್ಮ ಕೈಗೆ ಇನ್ನೂ ಬಂದಿಲ್ಲ. ಅದರ ಮೇಲೆ ಕೆಲಸ ಮಾಡಿದ ಹಿರಿಯರು ಕಥೆ ಹೇಳ್ತಾರೆ, ಕಣ್ಣಲ್ಲಿ ಬೆಳಕು ಬರುತ್ತೆ, ಡ್ರಾಯಿಂಗ್ ಎಲ್ಲಿ ಸರ್ ಅಂದ್ರೆ ಆಫೀಸಲ್ಲೇ ಬಿಟ್ಟು ಬಂದೆ ಕಣಪ್ಪ. ಆ ಆಫೀಸು ಅಂದ್ರೆ ನೀವೇ ಸರ್.

ಇಂಪೋರ್ಟ್ ಆದ ಮಷೀನ್‌ಗಳಿಗೂ ಇದೇ ಮಾತು ಸ್ವಲ್ಪ ಅನ್ವಯ ಆಗುತ್ತೆ. ಬೇರೆ ದೇಶದಲ್ಲಿ ಹತ್ತು ವರ್ಷಕ್ಕೆ ಎಸೆದಿದ್ದನ್ನ ನಾವು ಇಪ್ಪತ್ತು ವರ್ಷ ಓಡಿಸಿದ್ವಿ, ಸ್ಪೇರ್ ಸಿಗದೇ ಇದ್ದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಂದ ಚಿಪ್ ತಂದು, ಸರ್ಕ್ಯೂಟ್ ಬೋರ್ಡನ್ನೂ ಇಲ್ಲೇ ಮಾಡ್ಕೊಂಡು, ಡೆಕ್ ಇಂಜಿನಿಯರ್ ನೋಡಿದ್ರೆ ಮೂರ್ಛೆ ಹೋಗೋ ಥರದ ತಿದ್ದುಪಡಿ ಮಾಡಿ. ಅದನ್ನೆಲ್ಲ ಲಾಗ್ ಬುಕ್‌ನಲ್ಲಿ ಬರೆದಿದಾರೆ. ಯಾವ ತಾರೀಕು, ಯಾವ ಬೋರ್ಡು, ಯಾವ ಚಿಪ್ಪು, ಬದಲಿಗೆ ಏನು ಹಾಕಿದ್ರು. ನನ್ನ ಕೇಳಿದ್ರೆ ಈ ಕೈಬರಹದ ಲಾಗ್ ಬುಕ್ಕು ಪ್ರಿಂಟ್ ಆದ ಮ್ಯಾನುಯಲ್‌ಗಿಂತ ಒಂದು ಕೈ ಮೇಲು.

ಪೇಪರ್ ಮೊದಲು ಅಂತ ನಾನು ಹಠ ಮಾಡೋಕೆ ಇನ್ನೊಂದು ಕಾರಣ ಇದೆ. ಪೇಪರ್ ಇದ್ರೆ ಮಷೀನ್ ಇಲ್ದೇನೂ ಮಷೀನನ್ನ ವಾಪಸ್ ತರಬಹುದು. ಬಾಬ್ ಸಪ್ನಿಕ್ ಅಂತ ಡೆಕ್‌ನಲ್ಲೇ ದೊಡ್ಡ ಹುದ್ದೇಲಿದ್ದೋರು 1993ರಲ್ಲಿ ಸಿಮ್ಎಚ್ ಅನ್ನೋ ಸಿಮ್ಯುಲೇಟರ್ ಶುರು ಮಾಡಿದ್ರು, ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಿಡಿಪಿ-11 ಓಡುತ್ತೆ, ಅದರ ಮೇಲೆ ಹಳೇ ಯುನಿಕ್ಸ್ ಓಡುತ್ತೆ, ಒಂದೊಂದು ಇನ್‌ಸ್ಟ್ರಕ್ಷನ್ನೂ ಅಸಲಿ ಮಷೀನ್ ಮಾಡಿದಂಗೇ ಮಾಡುತ್ತೆ. ಅಂಥದ್ದನ್ನ ಕಟ್ಟೋದು ಹ್ಯಾಂಡ್‌ಬುಕ್ಕು, ಡ್ರಾಯಿಂಗು, ಡಯಾಗ್ನೋಸ್ಟಿಕ್ ಅಂದ್ರೆ ಮಷೀನ್ ಪರೀಕ್ಷೆ ಮಾಡೋ ಪ್ರೋಗ್ರಾಮ್‌ಗಳ ಲಿಸ್ಟಿಂಗ್ ಮುಂದಿಟ್ಕೊಂಡು. ಟಿಡಿಸಿ-316ಕ್ಕೂ ಯಾವುದಾದ್ರೂ ಕಾಲೇಜು ಹುಡುಗ್ರು ಒಂದು ಪ್ರಾಜೆಕ್ಟ್ ಆಗಿ ಇದನ್ನ ಮಾಡಬಹುದು, ಬೇಕಾದ ಸರ್ಕ್ಯೂಟ್ ಆಗಿ ಬದಲಾಯಿಸ್ಕೊಳ್ಳಬಹುದಾದ ಎಫ್‌ಪಿಜಿಎ ಚಿಪ್ ಮೇಲೂ ಮಾಡಬಹುದು, ಡ್ರಾಯಿಂಗ್ ಸೆಟ್ ಒಂದು ಸಿಗಲಿ ಅಷ್ಟೇ. ಅದೇ ಪೇಪರ್ ಇಲ್ಲದ ಮಷೀನು ಷೋಕೇಸಲ್ಲಿ ಇಡೋಕೆ ಚಂದ, ಅಷ್ಟೇ.

ಈಗ ನಿಮ್ಮ ಕಷ್ಟಗಳು. ನನಗೆ ಗೊತ್ತು, ಆಡಿಟ್ ಅಂದ್ರೆ ಎಲ್ಲರಿಗೂ ಭಯ. ಆದ್ರೆ ಸೆಂಟ್ರಲ್ ಗವರ್ನಮೆಂಟ್ ಸಂಸ್ಥೆಗಳಿಗೆ ಅನ್ವಯ ಆಗೋ 2017ರ ಜಿಎಫ್‌ಆರ್ (ಸರ್ಕಾರಿ ಹಣಕಾಸು ನಿಯಮಾವಳಿ) ನೋಡಿ, ಉಳಿಕೆ ಮೌಲ್ಯ 2 ಲಕ್ಷ ರೂಪಾಯಿ ಮೇಲಿದ್ರೆ ಮಾತ್ರ ಟೆಂಡರ್ ಅಥವಾ ಬಹಿರಂಗ ಹರಾಜು ಕಡ್ಡಾಯ, ಅದಕ್ಕಿಂತ ಕಡಿಮೆ ಇದ್ರೆ ಹೇಗೆ ವಿಲೇವಾರಿ ಮಾಡೋದು ಅನ್ನೋದನ್ನ ಸಕ್ಷಮ ಅಧಿಕಾರಿನೇ ತೀರ್ಮಾನ ಮಾಡಬಹುದು. ಒಂದು ಕಪಾಟು ಹಳೇ ಮ್ಯಾನುಯಲ್‌ಗೆ ರದ್ದಿ ರೇಟಲ್ಲಿ ಎಷ್ಟು ಬರುತ್ತೆ ನೀವೇ ಲೆಕ್ಕ ಹಾಕಿ. ನಿಮ್ಮ ಡೈರೆಕ್ಟರ್ರೋ ಪ್ರಿನ್ಸಿಪಾಲ್ರೋ ಒಂದು ಆಫೀಸ್ ನೋಟ್ ಮೇಲೆ ಸೈನ್ ಹಾಕಿ ಅದನ್ನ ಲೈಬ್ರರಿಗೋ ಆರ್ಕೈವ್‌ಗೋ ವರ್ಗಾಯಿಸೋದಕ್ಕೆ ದೊಡ್ಡ ಅಡ್ಡಿ ಕಾಣಲ್ಲ. ಇನ್ನು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ಇ-ವೇಸ್ಟ್ ರೂಲ್ಸ್ ಪ್ರಕಾರ ಮಷೀನನ್ನ ರಿಜಿಸ್ಟರ್ಡ್ ರೀಸೈಕ್ಲರ್‌ಗೇ ಕೊಡಬೇಕು ಅಂತೀರ, ಸರಿ, ಆದ್ರೆ ಆ ರೂಲ್ಸು ಎಲೆಕ್ಟ್ರಾನಿಕ್ಸ್‌ಗೆ, ಪುಸ್ತಕಕ್ಕಲ್ಲ.

ಜಾಗ ಇಲ್ಲ ಅಂತೀರ. ಒಪ್ಪಿದೆ, ಸ್ಕ್ಯಾನ್ ಮಾಡೋವರೆಗೆ ಇಟ್ಕೊಳ್ಳಿ. ಬೆಂಗಳೂರಲ್ಲೇ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಆರ್ಕೈವ್ಸ್ ಇದೆ, ಐಐಎಸ್‌ಸಿ ತನ್ನ ಹಳೇ ದಾಖಲೆ ಕಾಪಾಡ್ಕೊಳ್ತಿದೆ, ಅವರನ್ನ ಕೇಳಿ, ಹಳೇ ಕಾಗದ ಹೇಗಿಡಬೇಕು ಅನ್ನೋ ಬುದ್ಧಿಯನ್ನಾದ್ರೂ ಹೇಳ್ಕೊಡ್ತಾರೆ. ಕಸ್ತೂರ್ಬಾ ರೋಡಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, ಎಚ್‌ಎಎಲ್‌ನೋರು ತಮ್ಮ ವಿಮಾನಗಳಿಗೆ ಅಂತ ಒಂದು ಮ್ಯೂಸಿಯಮ್ಮೇ ಕಟ್ಕೊಂಡಿದಾರೆ. ಸಾಫ್ಟ್‌ವೇರ್‌ನಿಂದ ಹೆಸರು, ದುಡ್ಡು, ಟ್ರಾಫಿಕ್ ಎಲ್ಲ ಮಾಡ್ಕೊಂಡ ಊರು ತನ್ನ ಮೊದಲ ಕಂಪ್ಯೂಟರ್‌ಗಳ ಕಾಗದಕ್ಕೆ ಒಂದು ರೂಮ್ ಕೊಡೋಕಾಗಲ್ಲ ಅಂದ್ರೆ ನಾನು ನಂಬಲ್ಲ. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದ ಕಾಲಕ್ಕೆ ತಗೊಂಡ ಮೊದಲ ಕಂಪ್ಯೂಟರ್ ಡಾಟಾ ಜನರಲ್ ಕಂಪನಿಯ ಎಂವಿ/8000, ಅದೂ ಇದೇ ಮಿನಿಕಂಪ್ಯೂಟರ್ ಕುಲದ್ದೇ.

ಕಾಪಿರೈಟ್ ಭಯ ಕೆಲವರಿಗೆ ಇದೆ. ಡೆಕ್ 1998ರಲ್ಲಿ ಕಾಂಪ್ಯಾಕ್‌ಗೆ ಹೋಯ್ತು, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಗೆ. ನಾಳೆನೇ ಎಲ್ಲರಿಗೂ ಹಂಚಿ ಅಂತ ನಾನು ಹೇಳ್ತಿಲ್ಲ, ನಿಮ್ಮ ಲೀಗಲ್ ಸೆಲ್‌ನೋರು ನಿಧಾನಕ್ಕೆ ಯೋಚನೆ ಮಾಡ್ಲಿ, ಪುಸ್ತಕ ಇಟ್ಕೊಳ್ಳೋದಕ್ಕೆ ಯಾವ ಕಾಪಿರೈಟೂ ಬೇಕಾಗಿಲ್ಲ.

ಮತ್ತೆ ಯಾರಿಗೆ ಬೇಕು ಇದೆಲ್ಲ ಅನ್ನೋರಿಗೆ ಒಂದೇ ಮಾತು. 2013ರಲ್ಲಿ ಕೆನಡಾದಲ್ಲಿ ಅಣು ವಿದ್ಯುತ್ ಸ್ಥಾವರದ ರೋಬೋಟ್ ಕಂಟ್ರೋಲ್‌ಗೆ ಪಿಡಿಪಿ-11ರ ಅಸೆಂಬ್ಲಿ ಭಾಷೇಲಿ ಪ್ರೋಗ್ರಾಮ್ ಬರೆಯೋರು ಬೇಕಾಗಿದಾರೆ, ಈ ಮಷೀನು 2050ರವರೆಗೂ ಇರುತ್ತೆ ಅಂತ ಹುಡುಕಾಡಿದ್ರು. ಹಳೇದು ಅಂತ ನಾವು ಅಂದ್ಕೊಂಡ ಮಾತ್ರಕ್ಕೆ ಅದು ಸತ್ತಿರಲ್ಲ.

ದೊಡ್ಡೋರು ಯಾರೋ ಕಾಪಾಡ್ತಾರೆ ಅಂತ ಕೂರೋದೂ ಕಷ್ಟ. ಮೈಕ್ರೋಸಾಫ್ಟ್ ಶುರು ಮಾಡಿದ ಪಾಲ್ ಆಲನ್ ಸಿಯಾಟಲ್‌ನಲ್ಲಿ ಲಿವಿಂಗ್ ಕಂಪ್ಯೂಟರ್ಸ್ ಅಂತ ಒಂದು ಮ್ಯೂಸಿಯಂ ಮಾಡಿದ್ರು, ಅಲ್ಲಿ ಹಳೇ ಮಷೀನ್ ಮುಂದೆ ಕೂತು ನೀವೇ ಟೈಪ್ ಮಾಡಬಹುದಿತ್ತು. 2018ರಲ್ಲಿ ಅವರು ತೀರ್ಕೊಂಡ್ರು, 2020ರಲ್ಲಿ ಮ್ಯೂಸಿಯಂ ಮುಚ್ತು, 2024ರಲ್ಲಿ ಕ್ರಿಸ್ಟೀಸ್‌ನೋರು ಒಂದಷ್ಟು ಮಷೀನ್ ಹರಾಜು ಹಾಕಿದ್ರು. ಅಷ್ಟು ದುಡ್ಡಿದ್ದೋರ ಮನೆ ಕಥೆನೇ ಹಿಂಗೆ. ಒಂದೇ ಕಡೆ ಗುಡ್ಡೆ ಹಾಕಿದ್ರೆ ಒಂದೇ ದಿನ ಹೋಗುತ್ತೆ, ಹತ್ತು ಕಡೆ ಸ್ಕ್ಯಾನ್ ಕಾಪಿ ಇದ್ರೆ ಯಾರ ಮನೆ ಮುಚ್ಚಿದ್ರೂ ಕಾಗದ ಉಳಿಯುತ್ತೆ.

ಕಪಾಟು ತೆಗೆದಾಗ ಏನು ನೋಡಬೇಕು ಅಂತ ಹೇಳ್ಬಿಡ್ತೀನಿ, ನಿಮ್ಮ ಅಸಿಸ್ಟೆಂಟ್‌ಗೆ ಇಷ್ಟು ಹೇಳಿದ್ರೆ ಸಾಕು. ಡೆಕ್ ಪುಸ್ತಕದ ಕವರ್ ಮೇಲೆ ಇಂಗ್ಲಿಷಲ್ಲಿ ಇಕೆ ಅಂತ ಶುರುವಾಗೋ ನಂಬರ್ ಇದ್ರೆ ಅದು ಹಾರ್ಡ್‌ವೇರ್ ಕೈಪಿಡಿ, ಎಎ ಅಂದ್ರೆ ಸಾಫ್ಟ್‌ವೇರ್, ಎಂಪಿ ಅಂದ್ರೆ ಮೇಂಟೆನೆನ್ಸ್ ಪ್ರಿಂಟ್ ಸೆಟ್, ಅಗಲದ ಹಾಳೆಯಲ್ಲಿ ಬರೀ ಸರ್ಕ್ಯೂಟ್, ನೋಡೋಕೆ ರದ್ದಿಗಿಂತ ಕಡೆ ಇರುತ್ತೆ, ಬೆಲೆ ಅದಕ್ಕೇ ಜಾಸ್ತಿ. ಕಿತ್ತಳೆ ಬಣ್ಣದ, ಬೂದು ಬಣ್ಣದ ಬೈಂಡರ್ ಸಾಲು ಕಂಡ್ರೆ ಅದು ಡೆಕ್‌ನ ವ್ಯಾಕ್ಸ್ ಮಷೀನಿನ ಆಪರೇಟಿಂಗ್ ಸಿಸ್ಟಮ್ ವಿಎಂಎಸ್‌ನ ಮ್ಯಾನುಯಲ್ ಸೆಟ್, ಇಡಿಯಾಗಿ ಇಡಿ, ಮಧ್ಯದಲ್ಲಿ ಒಂದು ಕಿತ್ತು ಖಾಲಿ ಬೈಂಡರನ್ನ ಆಫೀಸ್ ಫೈಲಿಗೆ ಬಳಸಬೇಡಿ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಪೋಸ್ಟ್ ಕಾರ್ಡ್ ಸೈಜಿನ ಪ್ಲಾಸ್ಟಿಕ್ ಹಾಳೆಯಲ್ಲಿ ಚುಕ್ಕಿ ಚುಕ್ಕಿ ಕಂಡ್ರೆ ಮೈಕ್ರೋಫಿಶ್, ಬೆಳಕಿಗೆ ಹಿಡಿದು ನೋಡಿ, ಅಂಥಾ ಹಾಳೆಗಳ ಒಂದು ಕಟ್ಟಲ್ಲಿ ಸಾವಿರಾರು ಪುಟ ಡಯಾಗ್ನೋಸ್ಟಿಕ್ ಪ್ರೋಗ್ರಾಮ್ ಇರಬಹುದು. ತೂತು ತೂತಿನ ಪೇಪರ್ ಟೇಪ್ ಇದ್ರೆ ಸುತ್ತಿದ ಹಾಗೇ ಇಡಿ. ಇಸಿಐಎಲ್, ವಿಪ್ರೋ, ಎಚ್‌ಸಿಎಲ್, ಡಿಸಿಎಂ ಹೆಸರು ಕಂಡ್ರೆ ಒಂದು ಹಾಳೆನೂ ಬಿಡಬೇಡಿ, ಡಿಸ್ಪ್ಯಾಚ್ ಚಲನ್ ಕೂಡ.

ಸ್ಕ್ಯಾನಿಗೆ ದೊಡ್ಡ ಮಷೀನ್ ಬೇಡ, ಪುಸ್ತಕಕ್ಕೆ ಮಾಮೂಲಿ ಫ್ಲಾಟ್‌ಬೆಡ್, ಡ್ರಾಯಿಂಗಿಗೆ ಎ3, 600 ಡಿಪಿಐ. ಮೊಬೈಲಲ್ಲಿ ಫೋಟೋ ಹೊಡೆದು ಮುಗಿಸಬೇಡಿ, ಸಣ್ಣ ಪಿನ್ ನಂಬರ್ 3 ಯಾವುದು 8 ಯಾವುದು ತಿಳಿಯಲ್ಲ. ಸ್ಕ್ಯಾನ್ ಮಾಡಿದ ಮೇಲೂ ಕಾಗದ ಬಿಸಾಕಬೇಡಿ ಅಂತ ಕೇಳ್ಕೊಳ್ತೀನಿ, ಆಗಲ್ಲ ಅಂದ್ರೆ ಕೊನೇ ಪಕ್ಷ ಲಾಗ್ ಬುಕ್ ಇಟ್ಕೊಳ್ಳಿ.

ಹರಾಜಿಗೆ ಮುಂಚೆ ಮಷೀನ್ ಓಡುತ್ತಾ ನೋಡೋಣ ಅಂತ ದಯವಿಟ್ಟು ಪ್ಲಗ್ ಹಾಕಬೇಡಿ. ಯಾಕೆ ಅಂತ ಮೇಲೆ ಹೇಳಿದೀನಿ.

ರಿಟೈರ್ ಆದ ಫೀಲ್ಡ್ ಸರ್ವೀಸ್ ಇಂಜಿನಿಯರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಅಂಕಲ್, ನಿಮ್ಮ ಮನೆ ಅಟ್ಟದ ಮೇಲಿರೋ ಆ ಟ್ರಂಕನ್ನ ಆಂಟಿ ದೀಪಾವಳಿ ಕ್ಲೀನಿಂಗ್‌ನಲ್ಲಿ ಖಾಲಿ ಮಾಡೋ ಮುಂಚೆ ಯಾವುದಾದ್ರೂ ಲೈಬ್ರರಿಗೆ ಮುಟ್ಟಿಸಿ, ಜೊತೆಗೆ ನಿಮ್ಮ ನೆನಪಲ್ಲಿರೋದನ್ನೂ ಎರಡು ಹಾಳೆ ಬರೆದಿಡಿ. ಗುಜರಿ ಅಂಗಡಿ ಅಣ್ಣಂದಿರಿಗೂ ಒಂದು ಮಾತು, ಬೋರ್ಡಿನ ಅಂಚಲ್ಲಿ ಚಿನ್ನ ಇದೆ ಅಂತ ನಿಮಗೆ ಗೊತ್ತು, ಅದರ ಜೊತೆ ಬರೋ ದಪ್ಪ ಪುಸ್ತಕಕ್ಕೂ ರದ್ದಿಗಿಂತ ಜಾಸ್ತಿ ಕೊಡೋ ನಮ್ಮಂಥ ಹುಚ್ಚರು ಇದೀವಿ, ಹರಿಯೋ ಮುಂಚೆ ಸ್ವಲ್ಪ ವಿಚಾರಿಸಿ.

ನಿಮ್ಮಿಂದ ಈಗ ಬೇಕಿರೋದು ಇಷ್ಟು: ಮುಂದಿನ ಕಂಡೆಮ್ನೇಷನ್ ಮೀಟಿಂಗ್‌ನ ಅಜೆಂಡಾದಲ್ಲಿ, ಮಷೀನಿನ ಹೆಸರಿನ ಕೆಳಗೆ, ಅದರ ದಾಖಲೆಗಳು ಅಂತ ಇನ್ನೊಂದು ಸಾಲು ಸೇರಿಸಿ, ಅದರ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಬರೀರಿ. ಆ ಸಾಲು ಇದ್ರೆ ಅದಕ್ಕೊಬ್ಬರು ಜವಾಬ್ದಾರರು ಹುಟ್ಕೊಳ್ತಾರೆ.

ಇಂತಿ,
ಹಳೇ ಮಷೀನ್ ಹುಚ್ಚಿನ ಒಬ್ಬ ಬೆಂಗಳೂರಿಗ

ಮರೆತಿದ್ದೆ: ಪಿಡಿಪಿ-8/ಇ, 11/40, 11/45, 11/70 ಇಂಥಾ ಮಷೀನಿನ ಮುಂದಿನ ಪ್ಯಾನೆಲ್‌ನಲ್ಲಿ ಒಂದು ಸಣ್ಣ ದುಂಡನೆ ಬೀಗ ಇರುತ್ತೆ. ಕೀ ಕಳೆದುಹೋಗಿದೆ ಅಂತ ಪ್ಯಾನೆಲ್ ಮೀಟಿ ಒಡೀಬೇಡಿ. ಎಲ್ಲಕ್ಕೂ ಒಂದೇ ಕೀ, ಎಕ್ಸ್‌ಎಕ್ಸ್2247 ನಂಬರಿಂದು, ಈಗಲೂ ಹೊಸದಾಗಿ ಮಾಡಿಸಬಹುದು.